ಮೂರನೇ ಬಾಟಲಿ

"ಬೂದಿ ಬಡಕೊಂಡ ಮೋತಿ ಗಾಡ್ಯಾಗ ನನ್ನ ಮಗನ್ನ ಕುಂದ್ರಸಂಗಿಲ್ಲ ನೋಡು, ಈಶಪ್ಪ. ಮದುಮಗ ಅಂವ. ಮಸಣಕ್ಕ ಹೊಂಟಾನೇನು?"

ಹೀಗೆಂದ ಕರೆಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಕಾರಿನ ಸುತ್ತ ಒಂದು ಸುತ್ತು ಬಂದಳು. ತಮ್ಮ ಈಶಪ್ಪ ಅವಳ ಹಿಂದೆಯೇ ಇನ್ನೊಂದು ಸುತ್ತು ಬಂದ. ಶಹಾಪುರದ ಹೊರಗಿನ ಕಾಲುವೆ ಕಾಲನಿಯಲ್ಲಿ ಬೆಳಗಿನ ಎಂಟು ಗಂಟೆಗೆ ಅಕ್ಕ ತಮ್ಮ ಹೀಗೆ ಪ್ರದಕ್ಷಿಣೆ ಹಾಕುವುದನ್ನು ನೋಡಿದವರು, ಈ ಮನೆಯವರು ಡಿಕ್ಕಿಯಲ್ಲಿ ದೇವರನ್ನು ಕೂರಿಸಿದ್ದಾರೆ ಎಂದುಕೊಳ್ಳಬೇಕು.

ಗಾಡಿ ಕೆಟ್ಟದ್ದೇನಲ್ಲ. ದಾಳಿಂಬೆ ಕೆಂಪು ಮೈ, ಮಲಗಿದ ಬೆಕ್ಕಿನ ಹಾಗೆ ಗುರುಗುಡುವ ಇಂಜಿನ್ನು. ಕಾಲುವೆ ಆಫೀಸಿನಲ್ಲಿ ಗುಮಾಸ್ತನಾದ ಈಶಪ್ಪ ಹದಿನೈದು ದಿನದ ಹಿಂದೆ ಯಾದಗಿರಿಯ ದಲ್ಲಾಳಿಯ ಕಡೆಯಿಂದ ತಂದ ಸೆಕೆಂಡ್ ಹ್ಯಾಂಡ್ ಗಾಡಿ. ದೋಷ ಒಂದೇ. ಮುಂದಿನ ಬಂಪರು, ಹಿಂದಿನ ಬಂಪರು, ಬಾಗಿಲ ಪಟ್ಟಿ, ಚಕ್ರದ ಮೇಲಿನ ಕಮಾನು, ಎಲ್ಲೆಲ್ಲಿ ಕರೀ ಪ್ಲಾಸ್ಟಿಕ್ ಇರಬೇಕೋ ಅಲ್ಲೆಲ್ಲ ಬೂದಿ ಬಣ್ಣ. ಹಳೇ ಗಾಡಿಯ ಪ್ಲಾಸ್ಟಿಕ್ ಬಿಸಿಲಿಗೆ ಮಾಸುವುದು ಹೊಸದಲ್ಲ. ಆದರೆ ಇದು ಬರೀ ಮಾಸಿದ ಹಾಗಿರಲಿಲ್ಲ. ಯಾವನೋ ಜೋಗಿ ಗಲ್ಲಕ್ಕೆಲ್ಲ ಬೂದಿ ಬಳಿದುಕೊಂಡು ಬಾಗಿಲಿಗೆ ಬಂದು ಸುಮ್ಮನೆ ನಿಂತ ಹಾಗಿತ್ತು. ಎರಡು ದೀಪದ ಕಣ್ಣು, ಕೆಳಗೆ ಅಗಲವಾದ ಬೂದಿ ಬಾಯಿ. ಎದುರಿಗೆ ನಿಂತರೆ ಅದು ನಗುತ್ತಿದೆಯೋ ಏನನ್ನೋ ತಡೆಹಿಡಿದಿದೆಯೋ ತಿಳಿಯುತ್ತಿರಲಿಲ್ಲ.

ಮದುಮಗನನ್ನು ಸೋದರಮಾವನೇ ತನ್ನ ಗಾಡಿಯಲ್ಲಿ ಕರೆದೊಯ್ಯುವುದು ಅವರ ಮನೆತನದ ರಿವಾಜು, ಎತ್ತಿನ ಬಂಡಿಯ ಕಾಲದಿಂದ ಬಂದದ್ದು. ಈಶಪ್ಪನನ್ನು ಅವನ ಸೋದರಮಾವ ಟ್ರ್ಯಾಕ್ಟರಿನಲ್ಲಿ ಒಯ್ದಿದ್ದ. ಆ ಕುಲುಕಾಟಕ್ಕೆ ಬಾಸಿಂಗ ಹಾರಿ ಜೋಳದ ಹೊಲಕ್ಕೆ ಬಿದ್ದಿತ್ತು. ಅಕ್ಕನ ಮಗ ಬೀರಣ್ಣನಿಗೆ ಹಾಗಾಗಬಾರದು ಎಂದೇ ಈಶಪ್ಪ ಈ ಕಾರು ಕೊಂಡದ್ದು. ಇವತ್ತು ಸಂಜೆ ಐದಕ್ಕೆ ದಿಬ್ಬಣ ಹೆಣ್ಣಿನ ಊರು ಕೊಂಕಲ್‌ಗೆ ಹೊರಡಬೇಕು.

"ನಾಕೂವರಿ ಒಳಗ ಇದರ ಮೋತಿ ಕಪ್ಪ ಆಗ್ಲಿಲ್ಲಂದ್ರ ನನ್ನ ಮಗ ಅಂಬ್ರಪ್ಪನ ಜೀಪ ಹತ್ತತಾನ. ಆಮ್ಯಾಲ ನನಗ ಅನಬ್ಯಾಡ," ಎಂದು ಹೇಳಿ ಕರೆಮ್ಮ ಹೊರಟುಹೋದಳು.

ಅಂಬ್ರಪ್ಪನೆಂದರೆ ಅವಳ ಮೈದುನ. ಸೋದರಮಾವ ಗಟ್ಟಿಮುಟ್ಟಾಗಿರುವಾಗ ಮದುಮಗ ಕಾಕಾನ ಜೀಪಿನಲ್ಲಿ ಹೋದರೆ ಈಶಪ್ಪ ಮುಖವನ್ನು ಚೀಲದಲ್ಲಿ ಹಾಕಿಕೊಂಡು ಮದುವೆಗೆ ಹೋಗಬೇಕು.

ಅಷ್ಟರಲ್ಲಿ ನೆರೆಯವರು ಸೇರಿದ್ದರು. ಆ ಕಾಲನಿಯಲ್ಲಿ ನೆರೆಯವರು ಹೆಚ್ಚಿಲ್ಲ. ಕಾಲುವೆ ಕಟ್ಟಿ ಮುಗಿದ ಮೇಲೆ ಅರ್ಧ ಕ್ವಾರ್ಟರ್ಸು ಖಾಲಿಯಾಗಿ, ಅಡುಗೆಮನೆಗಳಲ್ಲಿ ಜಾಲಿ ಬೆಳೆದು, ಕಿಟಕಿಯಿಂದ ಮನುಷ್ಯರ ಬದಲು ಆಡುಗಳು ಇಣುಕುತ್ತಿದ್ದವು. ಇದ್ದವರು ಕಡಿಮೆಯಾದ್ದರಿಂದ ಒಬ್ಬೊಬ್ಬರೂ ನಾಲ್ಕು ನಾಲ್ಕು ಮನೆಯವರ ಸಲಹೆ ಕೊಡಬೇಕಾಗುತ್ತಿತ್ತು.

"ತಲಿಗೆ ಹಚ್ಚೂ ಕಪ್ಪ ಹಚ್ರಿ, ಈಶಪ್ಪಭಾಯಿ. ನಮ್ಮ ಮನಿಯವರಿಗೆ ಹಚ್ಚತೀನಿ, ಇಪ್ಪತ್ತ ವರ್ಷ ಸಣ್ಣ ಕಾಣತಾರ," ಎಂದಳು ಎದುರು ಮನೆಯ ಚಮನಬೀ.

"ಅದು ಕೂದ್ಲಿಗೆ ಹಿಡೀತದ, ಇದಕ್ಕಲ್ಲ. ಕುಸುಬಿ ಎಣ್ಣಿ ತರ್ರಿ," ಎಂದ ಸಾಬಣ್ಣ. ಮೂವತ್ತು ವರ್ಷ ಕಾಲುವೆ ಗೇಟು ಎತ್ತಿ ಇಳಿಸಿ ನಿವೃತ್ತನಾದ ಸಾಬಣ್ಣನಿಗೆ ಈಗ ಎತ್ತಿ ಇಳಿಸಲು ಉಳಿದಿದ್ದು ಮಾತು ಮಾತ್ರ.

ಈಶಪ್ಪನ ಹೆಂಡತಿ ಸುಂದ್ರಮ್ಮ ಗೊಣಗುತ್ತಲೇ ಎಣ್ಣೆಯ ಗಿಂಡಿ ತಂದಳು. ಸಾಬಣ್ಣ ಹಳೇ ಬನಿಯನ್ ಅದ್ದಿ ಒರೆಸಿದ. ಬಂಪರು ಕಡುಗಪ್ಪಾಯಿತು. ಎಲ್ಲರೂ ಹ್ಞಾಂ ಎಂದರು. ಎಂದು ಬಾಯಿ ಮುಚ್ಚುವಷ್ಟರಲ್ಲಿ ಕಪ್ಪು ಅಂಚಿನಿಂದ ಸರಿಯತೊಡಗಿತು. ಬಾಯಾರಿದ ನೆಲ ನೀರು ಹೀರಿದ ಹಾಗೆ ಪ್ಲಾಸ್ಟಿಕ್ಕು ಎಣ್ಣೆಯನ್ನು ಹೀರಿತು. ಐದು ನಿಮಿಷಕ್ಕೆ ಮತ್ತೆ ಅದೇ ಬೂದಿ. ಇನ್ನೊಮ್ಮೆ ಹಚ್ಚಿದರು, ಇನ್ನೊಮ್ಮೆ ಕುಡಿಯಿತು. ಗಿಂಡಿ ಖಾಲಿಯಾಯಿತು. ಖಾಲಿ ಕ್ವಾರ್ಟರ್ಸಿನಲ್ಲಿ ಒಂದು ಆಡು ಕೆಮ್ಮಿತು.

"ಕಾಲುವ್ಯಾಗ ತೇಲಿ ಬಂದದ್ದು ಏನೇನೋ ನೋಡೀನ್ರಿ," ಎಂದ ಸಾಬಣ್ಣ, ದನಿ ತಗ್ಗಿಸಿ. "ಎಣ್ಣಿ ಕುಡಿಯೂ ಗಾಡಿ ನೋಡಿದ್ದಿಲ್ಲ. ಮೊದಲ ಯಾರದಿತ್ರಿ ಇದು?"

"ರಂಗಂಪೇಟಿ ಮರಿಲಿಂಗಪ್ಪ ಅಂತ. ಕಾಗದದಾಗ ಅದ."

"ಯಾಕ ಮಾರಿದ?"

ಈಶಪ್ಪ ಅದನ್ನೇ ದಲ್ಲಾಳಿಯನ್ನು ಕೇಳಿದಾಗ ಅವನು ಕೀಲಿಕೈ ಅಂಗೈಗೆ ಒತ್ತಿ, "ಗಾಡಿ ಚಂದ ಅದ, ಒಯ್ರಿ. ಅದೊಂದು ಕೇಳಬ್ಯಾಡ್ರಿ," ಎಂದಿದ್ದ. ಆಗ ಅದು ವ್ಯಾಪಾರದ ಮಾತೆನಿಸಿತ್ತು. ಈಗ ಬೆನ್ನ ಮೇಲೆ ಇರುವೆಯೊಂದು ನಡೆದ ಹಾಗಾಯಿತು.

ಒಂಬತ್ತೂವರೆಗೆ ಈಶಪ್ಪ, ಕರೆಯದೇ ಪಕ್ಕದ ಸೀಟಿನಲ್ಲಿ ಕೂತ ಸಾಬಣ್ಣ, ಇಬ್ಬರೂ ಶಹಾಪುರ ಪೇಟೆಯ ಮಕ್ತುಮಸಾಬನ ಅಂಗಡಿಯ ಮುಂದೆ ನಿಂತರು. ಗಾಡಿಗಳ ಬಿಡಿಭಾಗ, ಸೀಟು ಕವರು, ಪಾಲಿಶು ಮಾರುವ ಅಂಗಡಿ ಅದು. ಮಕ್ತುಮಸಾಬ ನಗುತ್ತ ಎದ್ದು ಬಂದ. ಗಾಡಿ ನೋಡಿದ. ನಗು ಹಲ್ಲಿನ ಮೇಲೆಯೇ ಉಳಿದು ಕಣ್ಣಿನಿಂದ ಹೋಯಿತು.

"ಈ ಗಾಡಿ ನಿಮ್ಮ ಕೈಗೆ ಬಂತಾ," ಎಂದ.

"ನೀವು ಬಲ್ಲಿರೇನು ಇದನ್ನ?"

ಅವನು ಒಳಗೆ ಹೋಗಿ ಗಾಜಿನ ಮೇಜಿನ ಮೇಲೆ ಮೂರು ಬಾಟಲಿ ಇಟ್ಟ. ಒಂದನ್ನೊಂದನ್ನೇ ಬೆರಳಿನಿಂದ ಮುಟ್ಟಿ ಹೇಳತೊಡಗಿದ.

"ಇದು ಎಣ್ಣಿ ಜಾತಿ. ಹಚ್ಚಿದ ಕೂಡ್ಲೆ ಮಿಂಚತದ, ಧೂಳ ಹಿಡೀತದ, ಒಂದು ಮಳಿ ಬಿದ್ರ ಖಲಾಸ್. ಇದು ಬಣ್ಣದ ಜಾತಿ. ಕಪ್ಪ ಚಲೋ ಬರತದ, ಆದ್ರ ಆರು ತಿಂಗಳಿಗೆ ಹಾವು ಪರಿ ಬಿಟ್ಟಂಗ ಸಿಪ್ಪಿ ಏಳತದ."

"ಮೂರನೇದು?"

ಮಕ್ತುಮಸಾಬ ಮೂರನೇ ಬಾಟಲಿಯನ್ನು ಮುಟ್ಟಲಿಲ್ಲ. ಚಿಕ್ಕ ಬಾಟಲಿ, ಬೆರಳುದ್ದ. "ಇದು ಮ್ಯಾಲ ಕುಂದ್ರಂಗಿಲ್ಲ, ಪ್ಲಾಸ್ಟಿಕ್ಕಿನ ಒಳಗ ಇಳೀತದ. ಇಳದು ಅಲ್ಲೇ ಗಟ್ಟಿ ಆಗತದ. ಒಮ್ಮಿ ಹಚ್ಚಿದ್ರ ಹೊಳ್ಳಿ ತೆಗಿಯಾಕ ಬರಂಗಿಲ್ಲ." ಕಣ್ಣಲ್ಲೇ ಆ ಬಾಟಲಿ ತೋರಿಸಿ ಹೇಳಿದ. "ಮರಿಲಿಂಗಪ್ಪನೂ ಇದನ್ನೇ ಒಯ್ದಿದ್ದ. ಎರಡು ವರ್ಷದ ಹಿಂದ. ಹತ್ತ ದಿನ ಬಿಟ್ಟು ಹೊಳ್ಳಿ ಬಂದ. ಕಣ್ಣ ಒಳಗ ಹೋಗಿದ್ದು, ಗಡ್ಡ ಬಂದಿತ್ತು. ಇದನ್ನ ತೆಗಿಯೂ ಔಷಧ ಏನರ ಅದ ಏನು ಅಂತ ಕೇಳಿದ."

"ತೆಗಿಯೂದು ಯಾಕ?"

"ನಾನೂ ಅದನ್ನೇ ಕೇಳಿದೆ. 'ಅವರು ಬರಾಕತ್ತಾರ, ಮಕ್ತುಮಸಾಬ' ಅಂದ. 'ನಸುಕಿನ್ಯಾಗ ಬಾಗಿಲ ತೆಗದ್ರ ನಿಂತಿರತಾರ. ಹೋಗ್ರಿ ಅಂದ್ರ ಹೋಗಂಗಿಲ್ಲ' ಅಂದ. ಯಾರು ಅಂತ ಕೇಳೂದ್ರಾಗ ಹೊರಗ ನೋಡಿ ಓಡಿಹೋದ. ಆಮ್ಯಾಲ ಅಂವನ್ನ ಪ್ಯಾಟ್ಯಾಗ ಯಾರೂ ಕಂಡಿಲ್ಲ."

ಸಾಬಣ್ಣ ತನ್ನ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ. ಈಶಪ್ಪ ಮೂರೂ ಬಾಟಲಿಗಳನ್ನು ಬಹಳ ಹೊತ್ತು ನೋಡಿದ. ಕೊಂಕಲ್‌ಗೆ ಹೋಗುವಷ್ಟರಲ್ಲಿ ಧೂಳು ಹಿಡಿಯುವ ಒಂದನೆಯದು ಬೇಡ. ಸಿಪ್ಪೆ ಏಳುವ ಎರಡನೆಯದನ್ನು ಅಕ್ಕ ಜನ್ಮವೆಲ್ಲ ಎತ್ತಿ ಆಡುತ್ತಾಳೆ. ಕೈ ಮೂರನೆಯದರ ಮೇಲೆ ಬಿತ್ತು. ಬಾಟಲಿ ತಣ್ಣಗಿತ್ತು, ಆ ಬಿಸಿಲಿನಲ್ಲಿ ಇರಬೇಕಾದ್ದಕ್ಕಿಂತ ತಣ್ಣಗೆ.

"ಒಯ್ತೀನಿ. ಆದ್ರ ಹಚ್ಚೂದಕ್ಕ ಮೊದಲ ಆ ಮರಿಲಿಂಗಪ್ಪನ್ನ ಒಂದು ಮಾತ ಕೇಳತೀನಿ," ಎಂದ.

ರಂಗಂಪೇಟೆ ಸುರಪುರಕ್ಕೆ ಹತ್ತಿಕೊಂಡೇ ಇದೆ. ಕಾಲುವೆಯ ಏರಿಯ ಮೇಲಿನ ದಾರಿ ಹಿಡಿದರು. ಒಂದು ಬದಿ ಹಸಿರು ಭತ್ತ, ಇನ್ನೊಂದು ಬದಿ ನೀರು ಕಾಣದ ಕಲ್ಲುಹೊಲ. ನಡುವೆ ಕಾಲುವೆ, ಅಷ್ಟು ನೀರು ಹೊತ್ತೂ ಸದ್ದಿಲ್ಲದೆ ಹರಿಯುತ್ತಿತ್ತು. ದಾರಿಯಲ್ಲಿ ಒಂದು ಆಲದ ಮರದ ಕೆಳಗೆ ಏಳೆಂಟು ಹೆಂಗಸರು ಹಸಿರು ಸೀರೆ ಉಟ್ಟು, ತಲೆಯ ಮೇಲೆ ಬುಟ್ಟಿ ಹೊತ್ತು ನಿಂತಿದ್ದರು. ದೂರದಿಂದ ಗಾಡಿ ಕಂಡು ಎಲ್ಲರೂ ಒಮ್ಮೆಲೇ ಕೈ ಎತ್ತಿದರು. ಈಶಪ್ಪ ನಿಧಾನ ಮಾಡಿದ. ಗಾಡಿಯ ಮುಖ ಹತ್ತಿರ ಬಂದದ್ದೇ ಎತ್ತಿದ ಕೈಗಳು ಒಂದೊಂದಾಗಿ ಕೆಳಗಿಳಿದವು. ಹೆಂಗಸರು ಎರಡು ಹೆಜ್ಜೆ ಹಿಂದೆ ಸರಿದು, ಸೆರಗು ಬಾಯಿಗೆ ಹಿಡಿದು, ಗಾಡಿ ದಾಟುವ ತನಕ ರೆಪ್ಪೆ ಬಡಿಯದೆ ನೋಡಿದರು.

"ನಿಲ್ಲಿಸಬ್ಯಾಡ್ರಿ, ಸಾಹೇಬ್ರ," ಎಂದ ಸಾಬಣ್ಣ. "ಕಾಲ ನೋಡಿದ್ರೇನು ಅವರವು? ನಾ ನೋಡ್ಲಿಲ್ಲ. ಅಂಜಿಕ್ಯಾಗ ನೆನಪಾಗ್ಲಿಲ್ಲ."

ರಂಗಂಪೇಟೆಯ ಮನೆ ಓಣಿಯ ಕೊನೆಯಲ್ಲಿತ್ತು. ಅಂಗಳದಲ್ಲಿ ಮೊಳಕಾಲುದ್ದ ಕಸ. ಬಾಗಿಲಿಗೆ ಹೊರಗಿನಿಂದ ಬೀಗ. ಬೀಗದ ಮೇಲೆ ಜೇಡರಬಲೆ. ಪಕ್ಕದ ಕಟ್ಟೆಯ ಮೇಲೆ ಗುರುಲಿಂಗಮ್ಮ ಎಂಬ ಮುದುಕಿ ಶೇಂಗಾ ಒಡೆಯುತ್ತ ಕೂತಿದ್ದಳು.

"ಆಯಿ, ಮರಿಲಿಂಗಪ್ಪನವರು ಅದಾರೇನು?"

"ಆ ಮನ್ಯಾಗ ಯಾರೂ ಇಲ್ಲಪ್ಪ."

ಆಗ ಬೀಗ ಹಾಕಿದ ಮನೆಯೊಳಗಿನಿಂದ ಕುಕ್ಕರು ಒಂದು ಸೀಟಿ ಹಾಕಿತು. ಉದ್ದವಾಗಿ, ದುಃಖವಾಗಿ.

ಈಶಪ್ಪ ಮುದುಕಿಯನ್ನು ನೋಡಿದ. ಮುದುಕಿ ಶೇಂಗಾ ನೋಡಿದಳು.

"ಕುಕ್ಕರ್ ಕೂಗಿತಲ್ಲ, ಆಯಿ."

"ಕೂಗತದ."

"ಯಾರೂ ಇಲ್ಲಂದ್ರಿ."

"ಯಾರೂ ಇಲ್ಲ. ದಿನಾ ಕೂಗತದ." ಅವಳು ಇನ್ನೊಂದು ಕಾಯಿ ಒಡೆದಳು.

ಸಾಬಣ್ಣ ಅಷ್ಟರಲ್ಲಿ ಗಾಡಿಯೊಳಗೆ ಕೂತು ಗಾಜು ಏರಿಸಿಕೊಂಡಿದ್ದ. ಈಶಪ್ಪನಿಗೂ ಹಾಗೇ ಮಾಡಬೇಕೆನ್ನಿಸಿತು, ಆದರೆ ಅಂಬ್ರಪ್ಪನ ಜೀಪು ಕಣ್ಣ ಮುಂದೆ ಬಂತು. ಮನೆಯ ಮಗ್ಗುಲಿಗೆ ಹೋದ. ಅಲ್ಲಿದ್ದ ಕಿಟಕಿ ನಾಲ್ಕು ಬೆರಳಷ್ಟು ತೆರೆಯಿತು. ಒಳಗೆ ಕತ್ತಲು. ಕತ್ತಲೊಳಗಿಂದ ಒಂದು ಕಣ್ಣು.

"ಆ ಗಾಡಿ ಒಯ್ದವರು ನೀವೇನು?" ಬತ್ತಿದ ಬಾವಿಯ ತಳದಿಂದ ಬಂದಂಥ ದನಿ.

"ಹೌ… ಹೌದ್ರಿ."

"ಕಪ್ಪ ಮಾಡೀರೇನು?"

"ಇನ್ನ ಇಲ್ರಿ."

"ಮಾಡಬ್ಯಾಡ್ರಿ. ಆ ಬೂದಿ ಅದಕ್ಕ ಕಾವಲು. ಕಾವಲು ತೆಗದ ದಿನ ಅವರು ಬರತಾರ."

"ಯಾರ್ರಿ ಅವರು? ನನ್ನ ನಂಬರ್ ಇಟಕೊಳ್ರಿ, ಎಲ್ಲಾ ಬಿಡಿಸಿ ಹೇಳ್ರಿ." ಈಶಪ್ಪನ ಜೇಬಿನಲ್ಲಿ ಬೇರೆ ಕಾಗದವಿರಲಿಲ್ಲ. ಬೀರಣ್ಣನ ಮದುವೆಯ ಲಗ್ನಪತ್ರಿಕೆಯ ಹಿಂದೆ ನಂಬರು ಬರೆದು ಕಿಟಕಿಯ ಸಂದಿಗೆ ತೂರಿಸಿದ. ಒಳಗಿದ್ದ ಕೈ ಅದನ್ನು ತೆಗೆದುಕೊಂಡು ತಿರುವಿತು. ಅರಿಶಿಣ ಹಚ್ಚಿದ ಮೂಲೆ ಕಂಡದ್ದೇ ಒಳಗಿನಿಂದ ಕಾದ ಹಂಚಿನ ಮೇಲೆ ನೀರು ಬಿದ್ದಂಥ ಸದ್ದು ಬಂತು. ಮನುಷ್ಯನೊಬ್ಬ ಉಸಿರು ಒಳಕ್ಕೆಳೆದ ಸದ್ದು.

"ಓಣಿ ಬಾಯಿಗೆ ನೋಡ್ರಿ," ಎಂದಿತು ದನಿ. ಕಿಟಕಿ ಮುಚ್ಚಿತು.

ಈಶಪ್ಪ ತಿರುಗಿ ನೋಡಿದ. ಓಣಿಯ ಬಾಯಲ್ಲಿ ಇಬ್ಬರು ನಿಂತಿದ್ದರು. ಬಿಳೀ ಧೋತರ, ಬಿಳೀ ಅಂಗಿ, ಬಿಳೀ ರುಮಾಲು. ಕಂಕುಳಲ್ಲಿ ಒಂದೊಂದು ಚೀಲ. ಅವರು ಈಶಪ್ಪನನ್ನು ನೋಡುತ್ತಿರಲಿಲ್ಲ, ಗಾಡಿಯ ಮುಖ ನೋಡುತ್ತಿದ್ದರು. ನೋಡಿ, ಒಬ್ಬರನ್ನೊಬ್ಬರು ನೋಡಿಕೊಂಡು, ತಲೆಯಲ್ಲಾಡಿಸಿ, ಗೋಡೆಯಾಚೆ ಸರಿದರು.

ಗಾಡಿ ಊರು ಬಿಟ್ಟು ಮೂರು ಮೈಲು ಬರುವ ತನಕ ಇಬ್ಬರೂ ಬಾಯಿ ಬಿಡಲಿಲ್ಲ. ಬಿಟ್ಟದ್ದು ಮೊಬೈಲು. ಕರೆಮ್ಮ.

"ಎರಡೂವರಿ ಆತು. ಅಂಬ್ರಪ್ಪ ಜೀಪಿಗೆ ಬಾಳಿಕಂಬ ಕಟ್ಟಾಕತ್ಯಾನ. ನೀ ಏನ ಹೇಳತಿ?"

ಈಶಪ್ಪ ಕಾಲುವೆಯ ಸೇತುವೆಯ ಹತ್ತಿರ ಬೇವಿನ ಮರದ ನೆರಳಿಗೆ ಗಾಡಿ ನಿಲ್ಲಿಸಿದ. ಸ್ಟೇರಿಂಗಿನ ಮೇಲೆ ಹಣೆಯಿಟ್ಟು ಯೋಚಿಸಿದ.

"ಸಾಬಣ್ಣ, ದೆವ್ವ ಬಂದ್ರ ಏನ ಮಾಡತದ?"

"ಹಿಡೀತದ್ರಿ. ಅಬ್ಬೆತುಮಕೂರ ಮಠಕ್ಕ ಹೋಗಿ ಬಂದ್ರ ಬಿಡತದ."

"ಅಕ್ಕ ಹಿಡದ್ರ?"

ಸಾಬಣ್ಣ ಪ್ರಾಮಾಣಿಕವಾಗಿ ವಿಚಾರ ಮಾಡಿದ. "ಅದಕ್ಕ ಮಠ ಇಲ್ರಿ."

ಈಶಪ್ಪ ಬಾಟಲಿಯ ಮುಚ್ಚಳ ತಿರುವಿದ. ಮಕ್ತುಮಸಾಬ ಹೇಳಿಕೊಟ್ಟ ಹಾಗೆ ಮೊದಲು ಸೋಪಿನ ನೀರಿನಿಂದ ತೊಳೆದು, ತೇವ ಆರುವ ತನಕ ಕಾದು, ಮೆತ್ತನೆ ಬಟ್ಟೆಗೆ ನಾಲ್ಕು ನಾಲ್ಕು ಹನಿ ಹಾಕಿ ತೆಳ್ಳಗೆ ಎಳೆಯುತ್ತ ಬಂದ. ಈ ಸಲ ಪ್ಲಾಸ್ಟಿಕ್ಕು ಕುಡಿಯಲಿಲ್ಲ. ಕಪ್ಪು ಒಳಗಿನಿಂದಲೇ ಎದ್ದು ಬಂದ ಹಾಗೆ ಬಂತು, ಆಗ ತಾನೇ ಈದ ಎಮ್ಮೆಕರುವಿನ ಮೈಯಂಥ ಒದ್ದೆ ಒದ್ದೆ ಕಪ್ಪು. ಬೂದಿ ಬಾಯಿ ಅಳಿದು, ಗಾಡಿ ಮುಚ್ಚಿದ ತುಟಿಯಲ್ಲಿ ನಕ್ಕಿತು. ಕೊನೆಯ ಪಟ್ಟಿ ಒರೆಸಿ ಈಶಪ್ಪ ಸೊಂಟ ನೆಟ್ಟಗೆ ಮಾಡಿದಾಗ ಬೇವಿನ ಎಲೆ ಕೂಡ ಅಲುಗುತ್ತಿರಲಿಲ್ಲ.

"ಸಾಹೇಬ್ರ," ಎಂದ ಸಾಬಣ್ಣ, ತುಟಿ ಮಾತ್ರ ಅಲುಗಿಸಿ. "ಆಚಿ ದಂಡಿ."

ಕಾಲುವೆಯ ಆಚೆ ದಂಡೆಯಲ್ಲಿ ಅವರಿಬ್ಬರೂ ನಿಂತಿದ್ದರು. ಬಿಳೀ ಧೋತರ, ಬಿಳೀ ರುಮಾಲು. ಅವರ ಕೆಳಗೆ ಸದ್ದಿಲ್ಲದ ನೀರಿನಲ್ಲಿ ಇನ್ನಿಬ್ಬರು, ತಲೆಕೆಳಗಾಗಿ. ನಾಲ್ವರೂ ಗಾಡಿಯನ್ನು ನೋಡುತ್ತಿದ್ದರು. ಈ ಸಲ ತಲೆಯಲ್ಲಾಡಿಸಲಿಲ್ಲ. ಒಬ್ಬ ಮೆಲ್ಲಗೆ ಕೈ ಎತ್ತಿ ಗಾಡಿಯ ಕಡೆ ಬೆರಳು ಮಾಡಿದ.

ಅಲ್ಲಿಂದ ಶಹಾಪುರದ ತನಕ ಈಶಪ್ಪ ಗಾಡಿ ಹೊಡೆದನೋ, ಗಾಡಿಯೇ ಅವನನ್ನು ಹೊಡೆದುಕೊಂಡು ಬಂತೋ ಹೇಳುವುದು ಕಷ್ಟ. ಕನ್ನಡಿಯಲ್ಲಿ ಒಂದು ಬಿಳೀ ಚುಕ್ಕೆ ಒಂದೇ ಸಮ ಹಿಂದೆ ಬರುತ್ತಿತ್ತು. ಆಲದ ಮರದ ಕೆಳಗೆ ಅದೇ ಹಸಿರು ಸೀರೆಯವರು. ಈ ಸಲ ಎತ್ತಿದ ಕೈ ಇಳಿಯಲಿಲ್ಲ. ಬುಟ್ಟಿ ಹಿಡಿದುಕೊಂಡು ಗಾಡಿಯ ಹಿಂದೆ ಓಡಿಬಂದರು. ಸಾಬಣ್ಣ ಕಣ್ಣು ಮುಚ್ಚಿಕೊಂಡೇ, "ಕಾಲ ಅದಾವ್ರಿ, ಓಡಾಕತ್ತಾರ," ಎಂದ. ಅದರಿಂದ ಯಾರಿಗೂ ಸಮಾಧಾನವಾಗಲಿಲ್ಲ.

ನಾಲ್ಕೂ ಇಪ್ಪತ್ತೈದಕ್ಕೆ ಕರೆಮ್ಮನ ಮನೆಯ ಮುಂದೆ ಗಾಡಿ ನಿಂತಿತು. ಕರೆಮ್ಮ ಹೊರಗೆ ಬಂದು ನೋಡಿದಳು, ಬಾಗಿ ಬಂಪರಿನಲ್ಲಿ ತನ್ನ ಮುಖ ನೋಡಿದಳು, ಎರಡೂ ಕೈಯಿಂದ ಅದಕ್ಕೆ ಲಟಿಗೆ ಮುರಿದಳು. ಅಂಬ್ರಪ್ಪ ಜೀಪಿನ ಬಾಳೆಕಂಬ ಬಿಚ್ಚಿ ತಂದು ಕಾರಿಗೆ ಕಟ್ಟಿದ. ಬೀರಣ್ಣ ಬಾಸಿಂಗ ಕಟ್ಟಿಕೊಂಡು ಬಂದು ಹಿಂದಿನ ಸೀಟಿನಲ್ಲಿ ಕೂತ. ಈಶಪ್ಪನ ಎದೆ ತುಂಬಿ ಬಂತು. ದೆವ್ವ ಬಂದರೆ ಬರಲಿ, ಇದೊಂದು ಗಳಿಗೆ ಸಾಕು ಎನ್ನಿಸಿತು.

ಬಂದವು. ಮೋಟಾರ್ ಸೈಕಲ್ ಮೇಲೆ.

ಬಿಳೀ ಬಟ್ಟೆಯ ಇಬ್ಬರೂ ಇಳಿದು, ಧೂಳು ಜಾಡಿಸಿಕೊಂಡು, ನೆಟ್ಟಗೆ ಈಶಪ್ಪನ ಕಡೆಗೇ ನಡೆದು ಬಂದರು. ಅದೇ ಹೊತ್ತಿಗೆ ಅವನ ಜೇಬಿನಲ್ಲಿ ಮೊಬೈಲು ಗುಂಯ್ಗುಟ್ಟಿತು. ಗುರುತಿಲ್ಲದ ನಂಬರು.

"ನಾ ಮರಿಲಿಂಗಪ್ಪ. ಕಪ್ಪ ಮಾಡಿದ್ರೇನು?"

"ಮಾಡಿದೆ," ಎಂದ ಈಶಪ್ಪ.

"ಬಂದಾರೇನು?"

"ಎದುರಿಗೆ ನಿಂತಾರ."

"ಅಯ್ಯೋ ಪಾಪ. ಯಾರು? ರುಮಾಲಿನವರಾ? ಸುರಪುರದವರು ಅವರು. ಮನಿ ತುಂಬ ಹೆಣ್ಣಮಕ್ಕಳು. ವರ್ಷಕ್ಕ ಮೂರು ಮದುವಿ, ನಾಕು ಕುಬಸ, ಕೂಸುಗಳ ಜಾವಳ ಬ್ಯಾರೆ. ಚಂದನ್ನ ಗಾಡಿ ಅಂತ ಒಬ್ಬರಿಗೆ ಕೊಟ್ಟೆ ನೋಡ್ರಿ. ಇಲ್ಲ ಅನ್ನಾಕ ಬರಂಗಿಲ್ಲ, ಶುಭಕಾರ್ಯ. ಹತ್ತ ದಿನದಾಗ ಐದು ತಾಲೂಕಿನವರು ನಸುಕಿನ್ಯಾಗ ಬಾಗಿಲಾಗ ನಿಂತರು. ನನ್ನ ಗಾಡ್ಯಾಗ ನಾ ಒಂದು ದಿನ ಕುಂತಿಲ್ಲ. ಕಡೀಕೆ ಒಲಿ ಬೂದಿ, ಕಾಲುವಿ ಉಸುಕು ಹಾಕಿ ತಿಕ್ಕಿ ತಿಕ್ಕಿ, ಬಿಸಿಲಿಗೆ ನಿಲ್ಲಿಸಿ ಮೋತಿ ಕೆಡಸಿದೆ. ಬೂದಿ ಮೋತಿ ಗಾಡಿ ಮದುವಿಗೆ ಯಾರೂ ಹತ್ತಂಗಿಲ್ಲ ನೋಡ್ರಿ. ಅದಾದ ಮ್ಯಾಲ ಬಾಟಲಿ ಹಿಡಕೊಂಡೇ ಬರಾಕ ಸುರು ಮಾಡಿದ್ರು, ಹಚ್ಚಿ ಕೊಡು ಅಂತ. ಮಾರಿಬಿಟ್ಟೆ. ಮಾರೀನಿ ಅಂದ್ರ ನಂಬಂಗಿಲ್ಲ, ಎಲ್ಲೋ ಮುಚ್ಚಿಟ್ಟಾನ ಅಂತಾರ. ಅದಕ್ಕ ಹೊರಗಿಂದ ಬೀಗ ಹಾಕಿಸ್ಕೊಂಡು ಒಳಗ ಕುಂತೀನಿ."

"ಮೊದಲೇ ಹೇಳಬಾರದಿತ್ತೇನ್ರಿ?"

"ಹೇಳೂದ್ರಾಗ ಅವರು ಬಂದ್ರಲ್ಲ. ನಾ ಒಳಗ ಅದೀನಿ ಅಂತ ತಿಳೀತಿತ್ತು."

"ಈಗ ಇದನ್ನ ತೆಗಿಯೂದು ಹ್ಯಾಂಗ?"

"ಉಸುಕಿನ್ಯಾಗ ತಿಕ್ಕಿದ್ರ ಎರಡು ವರ್ಷ," ಎಂದಿತು ದನಿ. ಈಗ ಅದು ಬಾವಿಯ ತಳದಿಂದ ಬಂದಂತಿರಲಿಲ್ಲ. ಬಾವಿಯಿಂದ ಮೇಲೆ ಹತ್ತಿ ಬಂದವನ ಹಗುರ ಅದರಲ್ಲಿತ್ತು. "ಗಾಡಿ ಖರೇನೇ ನಿಮ್ಮ ಹಂತ್ಯಾಕ ಅದ ಅಂತ ಅವರು ಕಣ್ಣಿಲೆ ನೋಡಿದ್ರಲ್ಲ. ಬೀಗ ತೆಗಸಲಾ ಇನ್ನ?"

ರುಮಾಲಿನ ಹಿರಿಯ ಆಗಲೇ ಕೈ ಮುಗಿದು ಚೀಲದಿಂದ ಕುಂಕುಮ ಹಚ್ಚಿದ ಕಾಗದ ತೆಗೆದಿದ್ದ. "ನಾಡಿದ್ದ ಬಸರಿ ಮಗಳ ಕುಬಸ ಅದರಿ. ಗಾಡಿ ಬೂದಿ ತೊಳಕೊಂಡದ್ದು ನೋಡಿ ಜೀವಕ್ಕ ಸಂತೋಷ ಆತು. ಶುಭಕಾರ್ಯಕ್ಕ ಇಲ್ಲ ಅನಬಾರದು."

ಈಶಪ್ಪ ಬಾಯಿ ತೆರೆದ. ಅದರಿಂದ ಮಾತು ಬರುವ ಮೊದಲು ಅಕ್ಕನ ಬಾಯಿಂದ ಬಂತು.

"ಒಯ್ರಿ, ಅದಕ್ಕೇನು. ನನ್ನ ತಮ್ಮ ಮಂದಿಗೆ ಆಗಂವ."

"ಆಚಿ ಸೋಮವಾರ ನಮ್ಮ ಹುಡುಗಿ ನಿಶ್ಚಯ ಅದ, ಮರೀಬ್ಯಾಡ್ರಿ ಮತ್ತ," ಎಂದ ಅಂಬ್ರಪ್ಪ, ಬಾಳೆಕಂಬದ ಗಂಟು ಬಿಗಿಯುತ್ತ.

ಹಸಿರು ಸೀರೆಯವರು ಮದುವೆ ಮುಗಿಯುವ ಹೊತ್ತಿಗೆ ಗಾಡಿ ಕೇಳಿಕೊಂಡು ಕೊಂಕಲ್‌ಗೇ ಬಂದರು. ಊರಿಗೆ ಹಿಂತಿರುಗಿದ ದಿನವೇ ಈಶಪ್ಪ ಸುಂದ್ರಮ್ಮನ ಒಲೆಯ ಬೂದಿ ತಂದು ಬಂಪರಿಗೆ ಹಾಕಿ ಅರ್ಧ ತಾಸು ತಿಕ್ಕಿದ. ಹಿತ್ತಾಳೆ ತಂಬಿಗೆ ಬೆಳಗಿದ ಹಾಗೆ ಅದು ಇನ್ನಷ್ಟು ಹೊಳೆಯಿತು.

ಆರನೇ ದಿನ ಬೆಳಿಗ್ಗೆ ಕಾಲುವೆ ಕಾಲನಿಗೆ ಇಬ್ಬರು ಹೊಸಬರು ಬಂದರು. ಬಿಳೀ ಧೋತರ, ಕಂಕುಳಲ್ಲಿ ಚೀಲ. ಈಶಪ್ಪನ ಕ್ವಾರ್ಟರ್ಸಿನ ಬಾಗಿಲಿಗೆ ಹೊರಗಿನಿಂದ ಬೀಗವಿತ್ತು. ಎದುರಿಗೆ ಸಾಬಣ್ಣ ಬೇವಿನ ಕಡ್ಡಿ ಜಗಿಯುತ್ತ ಕೂತಿದ್ದ. ಅವನ ಜೇಬಿನಲ್ಲಿ ಕೀಲಿಕೈ ಗಣಗಣ ಅಂದಿತು.

"ಈಶಪ್ಪ ಸಾಹೇಬ್ರು ಅದಾರೇನ್ರಿ?"

"ಆ ಮನ್ಯಾಗ ಯಾರೂ ಇಲ್ರಿ," ಎಂದ ಸಾಬಣ್ಣ.

ಒಳಗೆ ಕುಕ್ಕರು ಒಂದು ಸೀಟಿ ಹಾಕಿತು. ಬಂದವರು ಒಬ್ಬರನ್ನೊಬ್ಬರು ನೋಡಿಕೊಂಡರು. ಹಿರಿಯನು ಕಾರಿನ ಮುಂದೆ ಬಾಗಿ, ಕರೀ ಬಂಪರಿನಲ್ಲಿ ಮುಖ ನೋಡಿಕೊಂಡು ರುಮಾಲು ಸರಿಮಾಡಿಕೊಂಡ. ಆಮೇಲೆ ಇಬ್ಬರೂ ಅವಸರವಿಲ್ಲದೆ ಕಟ್ಟೆಯ ಮೇಲೆ ಕಾಲು ಚಾಚಿ ಕೂತರು. ಎರಡನೇ ಸೀಟಿ ಅರ್ಧಕ್ಕೇ ನಿಂತಿತು.